ಅಪೂರ್ಣ ವಾಣಿಯೂ ಸತ್ಯಾಣುವ್ರತವೂ

ಮಾಗಡಿ ತಾಲ್ಲೂಕಿನ ಸಾವನದುರ್ಗವು ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದಲ್ಲಿ ನಿಂತಿರುವ ಒಂದು ಹೆಬ್ಬಂಡೆ. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಶಿಖರಗಳುಳ್ಳ ಈ ದುರ್ಗವು ಕೆಂಪೇಗೌಡರ ವಂಶದವರಿಗೆ ಆಶ್ರಯವಾಗಿದ್ದು, ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ, 1791ರ ಡಿಸೆಂಬರಿನಲ್ಲಿ, ಕಾರ್ನ್‌ವಾಲಿಸನ ಸೈನ್ಯಕ್ಕೆ ವಶವಾಯಿತು. ಆ ಯುದ್ಧವನ್ನು ವರ್ಣಿಸಿದ ಆಂಗ್ಲ ಲೇಖಕರು ಈ ಹೆಸರಿಗೆ ‘ಸಾವಿನ ಬಂಡೆ’ ಎಂದು ಅರ್ಥಮಾಡಿದರು. ಆದರೆ ಮೂರನೆಯ ಬಲ್ಲಾಳನ ಕಾಲದ, 1340ರ ಮಾಡಬಾಳು ಶಾಸನದಲ್ಲಿ ಈ ಸ್ಥಳವನ್ನು ‘ಸಾವಂದಿ’ ಎಂದು ಕರೆಯಲಾಗಿದೆ. ವಿಜಯನಗರದ ಅಚ್ಯುತರಾಯನ ಅಧಿಕಾರಿಯಾಗಿದ್ದ ಸಾಮಂತರಾಯನಿಂದ ‘ಸಾಮಂತದುರ್ಗ’ವೆನಿಸಿ, ಅದೇ ಸವೆದು ಸಾವನದುರ್ಗವಾಯಿತೆಂದು ಹೇಳುವವರೂ ಉಂಟು. ‘ಸಾವನ’ ಎಂಬುದಕ್ಕೂ ‘ಸಾವಿನ’ ಎಂಬುದಕ್ಕೂ ನಡುವೆ ಇರುವುದು ಒಂದು ಇಕಾರದ ಅಂತರ ಮಾತ್ರ. ಪರದೇಶದವನ ಕಿವಿ ಆ ಅಂತರವನ್ನು ಹಿಡಿಯದೆ ಹೋದುದರಲ್ಲಿ ಆಶ್ಚರ್ಯವಿಲ್ಲ.

ಈಗ ಬೆಟ್ಟದ ಬುಡದ ವೀರಭದ್ರಸ್ವಾಮಿ ದೇವಾಲಯದ ಬಳಿ ನಿಂತ ಯಾತ್ರಿಕನೊಬ್ಬನು ತನ್ನ ಕೈಯಲ್ಲಿರುವ ಮೊಬೈಲನ್ನು ಬಾಯಿಗೆ ಹತ್ತಿರ ತಂದು, ಈ ಹೆಸರಿನ ಅರ್ಥವೇನೆಂದು ಕೇಳಿದನೆನ್ನೋಣ. ಅದು ಇಂಪಾದ ಧ್ವನಿಯಲ್ಲಿ, ಅನುಮಾನದ ಲೇಶವೂ ಇಲ್ಲದೆ, ‘ಸಾವಿನ ಕೋಟೆ’ ಎಂದು ಉತ್ತರಿಸಿತೆನ್ನೋಣ. ಇದು ಅಸತ್ಯವಚನವೆ? ಹೌದಾದರೆ ಆ ಅಸತ್ಯದ ಕರ್ತೃ ಯಾರು? ಯಂತ್ರವೊ, ಅದನ್ನು ಮಾಡಿದವನೊ, ಇನ್ನೂರು ವರ್ಷಗಳ ಹಿಂದೆ ತಪ್ಪಾಗಿ ಕೇಳಿಸಿಕೊಂಡು ಬರೆದವನೊ, ಅಥವಾ ಎದುರಿಗೆ ಅರ್ಚಕರಿದ್ದರೂ ಅವರನ್ನು ಕೇಳದೆ ಯಂತ್ರವನ್ನು ಕೇಳಿದ ಯಾತ್ರಿಕನೊ? ಸತ್ಯಾಣುವ್ರತವನ್ನು ಸ್ವೀಕರಿಸಿದ ಗೃಹಸ್ಥನಿಗೆ ಇದು ವಿನೋದದ ಪ್ರಶ್ನೆಯಲ್ಲ. ಅವನ ಮನೆಯ ಮಕ್ಕಳು ಬೆಂಗಳೂರಿನ ಕಚೇರಿಗಳಲ್ಲಿ ಕುಳಿತು ಇಂಥ ವಾಣಿಗಳನ್ನೇ ನಿರ್ಮಿಸುತ್ತಿರಬಹುದು. ಅವನ ಮನೆಯ ವೃದ್ಧರು ಅದನ್ನೇ ಕೇಳಿ ಔಷಧಿಯ ವಿಷಯ ತಿಳಿದುಕೊಳ್ಳುತ್ತಿರಬಹುದು.

ಮೊಬೈಲ್ ದೂರವಾಣಿಯಲ್ಲಿ ಮಾತನಾಡುವ ಸಹಾಯಕವು ಜನಸಾಮಾನ್ಯರ ಗಮನಕ್ಕೆ ಬಂದುದು 2011ರ ಅಕ್ಟೋಬರಿನಲ್ಲಿ, ಆಪಲ್ ಸಂಸ್ಥೆಯು ತನ್ನ ಹೊಸ ಐಫೋನಿನೊಡನೆ ‘ಸಿರಿ’ಯನ್ನು ಹೊರತಂದಾಗ. ಆ ಹೆಸರಿನ ಪಕ್ಕದಲ್ಲಿ ‘ಬೀಟಾ’ ಎಂಬ ಚಿಕ್ಕ ಮಾತೊಂದಿತ್ತು. ಗ್ರೀಕ್ ವರ್ಣಮಾಲೆಯ ಎರಡನೆಯ ಅಕ್ಷರವಾದ ಇದು ಕಂಪ್ಯೂಟರ್ ಉದ್ಯಮದಲ್ಲಿ ‘ಇದು ಇನ್ನೂ ಮುಗಿದಿಲ್ಲ, ಬಳಸಿ ನೋಡಿ ದೋಷಗಳನ್ನು ತಿಳಿಸಿರಿ’ ಎಂಬರ್ಥದಲ್ಲಿ ರೂಢವಾಗಿದೆ. ಸುಮಾರು ಎರಡು ವರ್ಷ ಆ ಚೀಟಿ ಹಾಗೆಯೇ ಇದ್ದು, 2013ರಲ್ಲಿ ತೆಗೆಯಲ್ಪಟ್ಟಿತು. ಕನ್ನಡಕ್ಕೆ ಈ ಸೌಕರ್ಯ ತಡವಾಗಿ ಬಂದಿತು. ಮಾತನಾಡಿದುದನ್ನು ಅಕ್ಷರಕ್ಕಿಳಿಸುವ ಗೂಗಲ್‌ನ ಸೌಲಭ್ಯವು ಕನ್ನಡಕ್ಕೆ ದೊರೆತುದು 2017ರ ಆಗಸ್ಟ್‌ನಲ್ಲಿ. ಕನ್ನಡದಲ್ಲಿಯೇ ಉತ್ತರಿಸುವ ಅದರ ಸಹಾಯಕ ಬಂದುದು ಅದಾದ ಮೇಲೆ.

ಮೂರ್ತಿಶಿಲ್ಪದ ಸಂಪ್ರದಾಯವನ್ನು ಬಲ್ಲವರಿಗೆ ಈ ‘ಬೀಟಾ’ ಪದ್ಧತಿ ವಿಚಿತ್ರವಾಗಿ ತೋರುತ್ತದೆ. ನಮ್ಮಲ್ಲಿ ಜಿನಬಿಂಬವು ಪೂರ್ಣಗೊಂಡು, ಪಂಚಕಲ್ಯಾಣ ವಿಧಿಯಿಂದ ಪ್ರತಿಷ್ಠೆಯಾಗುವವರೆಗೆ ಅದಕ್ಕೆ ಯಾರೂ ಅರ್ಘ್ಯವೆತ್ತುವುದಿಲ್ಲ. ಇಲ್ಲಿಯಾದರೋ ಅರೆಕೆತ್ತಿದ ವಿಗ್ರಹವನ್ನೇ ಬೀದಿಯಲ್ಲಿ ನಿಲ್ಲಿಸಿ, ಬಂದವರೆಲ್ಲರೂ ಕೈಮುಗಿಯುತ್ತಲೇ ಒಂದೊಂದು ಉಳಿಯ ಪೆಟ್ಟು ಹಾಕಿ ಹೋಗಲಿ ಎಂದಂತಾಯಿತು.

ಅಪೂರ್ಣವಾದ ಈ ವಾಣಿಯನ್ನು ಜನರು ಮೂರು ಬಗೆಯಾಗಿ ಸ್ವೀಕರಿಸಿದರು. ಮೊದಲನೆಯದು ನಗೆ. ಅದಕ್ಕೆ ಅಸಂಬದ್ಧ ಪ್ರಶ್ನೆಗಳನ್ನು ಹಾಕಿ, ಬಂದ ಉತ್ತರವನ್ನು ನಾಲ್ವರಿಗೆ ಕೇಳಿಸಿ ನಗುವುದು ಎಲ್ಲ ದೇಶಗಳಲ್ಲಿಯೂ ಆಟವಾಯಿತು. ಸ್ಕಾಟ್ಲೆಂಡಿನವರು ತಮ್ಮ ಉಚ್ಚಾರಣೆ ಅದಕ್ಕೆ ತಿಳಿಯುವುದಿಲ್ಲವೆಂದು ನಕ್ಕರು. ಇಲ್ಲಿಯವರು ನಮ್ಮ ಊರುಗಳ ಹೆಸರನ್ನು ಅದು ಕೆಡಿಸುವ ರೀತಿಗೆ ನಕ್ಕರು. ಇದರ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಎರಡನೆಯದು ಕೋಪ. 2012ರ ಮಾರ್ಚ್‌ನಲ್ಲಿ ಅಮೆರಿಕದ ಗ್ರಾಹಕನೊಬ್ಬನು, ಜಾಹೀರಾತಿನಲ್ಲಿ ತೋರಿಸಿದ ಸಾಮರ್ಥ್ಯ ಕೈಗೆ ಬಂದ ವಸ್ತುವಿನಲ್ಲಿ ಇಲ್ಲವೆಂದು ಆಪಲ್‌ನ ಮೇಲೆ ದಾವೆ ಹೂಡಿದನು. 2014ರಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಮೂರನೆಯದು ನಂಬಿಕೆ. ಗದ್ದಲವಿಲ್ಲದ್ದಾದುದರಿಂದ ಇದು ಪತ್ರಿಕೆಗಳಲ್ಲಿ ಬರುವುದು ಕಡಿಮೆ. ಆದರೆ ವಿವೇಚನೆಗೆ ಮುಖ್ಯವಾದುದು ಇದೇ. 1966ರಲ್ಲಿ ಜೋಸೆಫ್ ವೈಜನ್‌ಬಾಮ್ ಎಂಬ ವಿಜ್ಞಾನಿಯು, ಬೆರಳಚ್ಚಿನಲ್ಲಿ ಸಂಭಾಷಿಸುವ ‘ಎಲೈಜಾ’ ಎಂಬ ಸರಳ ಕ್ರಮವಿಧಿಯನ್ನು ಪ್ರಕಟಿಸಿದನು. ಕೇಳಿದವರ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಹೇಳುವುದಕ್ಕಿಂತ ಹೆಚ್ಚೇನನ್ನೂ ಅದು ಮಾಡುತ್ತಿರಲಿಲ್ಲ. ಆದರೂ ಅದರ ರಚನೆಯನ್ನು ಕಣ್ಣಾರೆ ಕಂಡಿದ್ದ ಅವನ ಕಾರ್ಯದರ್ಶಿಯೇ, ಅದರೊಡನೆ ಏಕಾಂತದಲ್ಲಿ ಮಾತನಾಡಬೇಕೆಂದು ಅವನನ್ನು ಕೊಠಡಿಯಿಂದ ಹೊರಗೆ ಹೋಗಲು ಕೇಳಿಕೊಂಡಳಂತೆ. ಬರಿಯ ಅಕ್ಷರಗಳ ಪ್ರಭಾವವೇ ಇಷ್ಟಾದರೆ, ತಾಯ್ನುಡಿಯಲ್ಲಿ ಕಿವಿಗೆ ಬೀಳುವ ಧ್ವನಿಯ ಪ್ರಭಾವವೆಷ್ಟೆಂದು ಊಹಿಸಬಹುದು.

ಯಂತ್ರದ ಮಾತು ಮಾತೇ ಅಹುದೆ ಎಂಬುದನ್ನು ಮೊದಲು ನಿರ್ಣಯಿಸಬೇಕು. ಶಬ್ದವು ಆಕಾಶದ ಗುಣವೆಂದು ವೈಶೇಷಿಕರು ಹೇಳಿದರೆ, ಜೈನಾಚಾರ್ಯರು ಅದನ್ನು ಪುದ್ಗಲದ ಪರ್ಯಾಯವೆಂದರು. ಗ್ರಾಮಫೋನು, ರೇಡಿಯೊ ಬಂದ ಕಾಲದಲ್ಲಿ ನಮ್ಮ ಪಂಡಿತರು ಉತ್ಸಾಹದಿಂದ ಎತ್ತಿ ತೋರಿಸುತ್ತಿದ್ದ ವಿಷಯವಿದು: ಹಿಡಿದಿಡಬಹುದಾದುದು, ಸಾಗಿಸಬಹುದಾದುದು ಪುದ್ಗಲವಲ್ಲದೆ ಮತ್ತೇನು? ತತ್ತ್ವಾರ್ಥಸೂತ್ರದ ವ್ಯಾಖ್ಯಾನಕಾರರು ಶಬ್ದವನ್ನು ಭಾಷಾತ್ಮಕ, ಅಭಾಷಾತ್ಮಕ ಎಂದು ವಿಭಾಗಿಸಿ, ಪುರುಷಪ್ರಯತ್ನದಿಂದ ವಾದ್ಯಗಳಲ್ಲಿ ಹುಟ್ಟುವ ತತ, ವಿತತ, ಘನ, ಸುಷಿರ ಧ್ವನಿಗಳನ್ನು ಅಭಾಷಾತ್ಮಕದಲ್ಲಿ ಸೇರಿಸಿದ್ದಾರೆ. ಮೊಬೈಲಿನ ವಾಣಿಯು ಅಕ್ಷರರೂಪದಲ್ಲಿ ಕೇಳಿಸಿದರೂ ಅದರ ಹಿಂದೆ ಜೀವದ ಉಪಯೋಗವಿಲ್ಲ. ಆದುದರಿಂದ ಅದನ್ನು ವೀಣೆಯ ಸಾಲಿಗೆ ಸೇರಿಸುವುದೇ ಯುಕ್ತವಾಗಿ ಕಾಣುತ್ತದೆ. ಅಪಶ್ರುತಿ ಹೊರಡಿಸಿದ ವೀಣೆಯನ್ನು ಯಾರೂ ಸುಳ್ಳುಗಾರನೆನ್ನುವುದಿಲ್ಲ.

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಬರುವ ವಚನಭೇದವೂ ಇಲ್ಲಿ ನೆರವಿಗೆ ಬರುತ್ತದೆ. ಅಲ್ಲಿ ವಚನವು ಸತ್ಯ, ಅಸತ್ಯ, ಉಭಯ, ಅನುಭಯ ಎಂದು ನಾಲ್ಕು ವಿಧ. ಕರೆಯುವುದು, ಆಜ್ಞಾಪಿಸುವುದು, ಬೇಡುವುದು, ಪ್ರಶ್ನಿಸುವುದು ಮುಂತಾದುವು ಸತ್ಯವೂ ಅಲ್ಲ, ಅಸತ್ಯವೂ ಅಲ್ಲ, ಅವು ಅನುಭಯ. ‘ಬೆಳಿಗ್ಗೆ ಐದಕ್ಕೆ ಎಬ್ಬಿಸು’, ‘ಮಗನಿಗೆ ಕರೆಮಾಡು’ ಎಂದು ಮೊಬೈಲಿಗೆ ಹೇಳುವ ಮಾತುಗಳೆಲ್ಲ ಈ ವರ್ಗದವು. ಯಂತ್ರವು ಈ ಸೀಮೆಯೊಳಗೆ ಇದ್ದಷ್ಟು ಕಾಲ ಅದರ ಅಪೂರ್ಣತೆ ತೊಂದರೆಯದೇ ಹೊರತು ಪಾಪದ್ದಲ್ಲ. ತಪ್ಪು ಸಂಖ್ಯೆಗೆ ಕರೆ ಹೋಯಿತೆ, ಕ್ಷಮೆ ಕೇಳಿ ಇಟ್ಟುಬಿಡಬಹುದು. ಆದರೆ ಅದು ‘ಇಂಥದು ಹೀಗಿದೆ’ ಎಂದು ವಸ್ತುಸ್ವರೂಪವನ್ನು ಹೇಳತೊಡಗಿದ ದಿನ ಅನುಭಯದ ಗಡಿ ದಾಟಿತು. ಆಳಿನ ಕೆಲಸಕ್ಕೆಂದು ಬಂದವನು ಆಚಾರ್ಯಪೀಠದಲ್ಲಿ ಕುಳಿತಂತಾಯಿತು.

ಪೀಠದ ಮಾತು ಬಂದಾಗ ವಸುರಾಜನ ಕಥೆಯನ್ನು ನೆನೆಯದಿರಲಾಗದು. ಕ್ಷೀರಕದಂಬನೆಂಬ ಉಪಾಧ್ಯಾಯನಲ್ಲಿ ಅವನ ಮಗ ಪರ್ವತ, ನಾರದ, ರಾಜಕುಮಾರ ವಸು ಮೂವರೂ ಓದಿದವರು. ಗುರುವಿನ ಕಾಲಾನಂತರ ‘ಅಜ’ಗಳಿಂದ ಯಜ್ಞಮಾಡಬೇಕೆಂಬ ವಿಧಿಯ ಅರ್ಥದಲ್ಲಿ ನಾರದನಿಗೂ ಪರ್ವತನಿಗೂ ವಿವಾದ ಹುಟ್ಟಿತು. ಅಜವೆಂದರೆ ಮತ್ತೆ ಮೊಳೆಯದ ಮೂರು ವರ್ಷದ ಹಳೆಯ ಧಾನ್ಯವೆಂದು ಗುರು ಹೇಳಿದ್ದುದನ್ನು ನಾರದ ನೆನೆದನು. ಪರ್ವತನು ಆಡೆಂದು ಸಾಧಿಸಿದನು. ತೀರ್ಪಿಗಾಗಿ ವಸುವಿನ ಬಳಿಗೆ ಹೋದರು. ವಸುವಿನ ಸಿಂಹಾಸನವು ನಿರ್ಮಲವಾದ ಸ್ಫಟಿಕದ ಆಧಾರದ ಮೇಲಿತ್ತು. ಆ ಸ್ಫಟಿಕ ಕಣ್ಣಿಗೆ ಕಾಣದುದರಿಂದ, ಅರಸನು ತನ್ನ ಸತ್ಯದ ಬಲದಿಂದಲೇ ಅಂತರಿಕ್ಷದಲ್ಲಿ ಕುಳಿತಿದ್ದಾನೆಂದು ಪ್ರಜೆಗಳು ನಂಬಿದ್ದರು. ಪರ್ವತನ ತಾಯಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದ ವಸು, ತಿಳಿದೂ ತಿಳಿದೂ ‘ಅಜವೆಂದರೆ ಆಡು’ ಎಂದನು. ಸಿಂಹಾಸನವು ನೆಲದೊಳಗಿಳಿಯಿತು; ವಸು ನರಕಕ್ಕೆ ಹೋದನು; ಯಜ್ಞದ ಹೆಸರಿನಲ್ಲಿ ಪ್ರಾಣಿವಧೆ ಲೋಕದಲ್ಲಿ ಹಬ್ಬಿತು.

ಈ ಕಥೆಯನ್ನು ಸಾಮಾನ್ಯವಾಗಿ ಸುಳ್ಳಿನ ಫಲವನ್ನು ತೋರಿಸಲು ಹೇಳುವುದುಂಟು. ಆದರೆ ಅದರಲ್ಲಿ ಸ್ಫಟಿಕದ ಆಧಾರದ ಪ್ರಸ್ತಾಪವೇಕೆ ಬಂದಿತೆಂದು ಯೋಚಿಸಿದವರು ಕಡಿಮೆ. ಪರ್ವತನ ತಪ್ಪು ಅರ್ಥ ಪರ್ವತನ ಬಾಯಲ್ಲೇ ಉಳಿದಿದ್ದರೆ ನಾರದನೊಬ್ಬನೇ ಅದನ್ನು ಖಂಡಿಸಬಹುದಿತ್ತು. ಅಂತರಿಕ್ಷದಲ್ಲಿ ಕುಳಿತವನೆಂದು ಜನ ನಂಬಿದ್ದವನ ಬಾಯಿಂದ ಬಂದುದರಿಂದಲೇ ಅದು ಲೋಕಕ್ಕೆ ಪ್ರಮಾಣವಾಯಿತು. ಕಾಣದ ಕಂಬದ ಮೇಲೆ ಕುಳಿತು, ಅದು ಕಾಣದಿರುವುದರಿಂದ ಬಂದ ಗೌರವವನ್ನು ಬೇಡವೆನ್ನದೆ ಅನುಭವಿಸುತ್ತಿದ್ದುದು ವಸುವಿನ ಮೊದಲ ದೋಷ. ಮಾತನಾಡುವ ಯಂತ್ರವೂ ಇಂತಹ ಸ್ಫಟಿಕದ ಮೇಲೆಯೇ ಕುಳಿತಿದೆ. ಅದರ ಉತ್ತರ ಎಲ್ಲಿಂದ ಬಂದಿತು, ಯಾರು ಬರೆದುದು, ಎಂದು ಬರೆದುದು ಎಂಬ ಆಧಾರಗಳು ಕೇಳುವವನಿಗೆ ಕಾಣಿಸುವುದಿಲ್ಲ. ಧ್ವನಿಯೊಂದೇ ಶೂನ್ಯದಿಂದ ಇಳಿದು ಬರುತ್ತದೆ.

ಕನ್ನಡಿಗರಿಗೆ ಇದರ ಪ್ರತ್ಯಕ್ಷ ಅನುಭವವಾದುದು 2021ರ ಜೂನ್ ತಿಂಗಳ ಆರಂಭದಲ್ಲಿ. ಭಾರತದ ಅತ್ಯಂತ ಕುರೂಪವಾದ ಭಾಷೆ ಯಾವುದೆಂದು ಗೂಗಲ್‌ನಲ್ಲಿ ಆಂಗ್ಲದಲ್ಲಿ ಹುಡುಕಿದಾಗ, ‘ಕನ್ನಡ’ ಎಂಬ ಒಂದೇ ಉತ್ತರ ಎಲ್ಲಕ್ಕಿಂತ ಮೇಲೆ, ದಪ್ಪಕ್ಷರಗಳಲ್ಲಿ ತೋರುತ್ತಿತ್ತು. ಯಾವುದೋ ಒಂದು ಅಪ್ರಸಿದ್ಧ ಪುಟದಿಂದ ಯಂತ್ರವು ತಾನಾಗಿಯೇ ಎತ್ತಿಕೊಂಡ ಮಾತದು. ಇದು ಧ್ವನಿಯ ಪ್ರಸಂಗವಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಹೀಗೆ ಆಯ್ದು ಮೇಲಿಡುವ ಒಂಟಿ ಉತ್ತರಗಳನ್ನೇ ಧ್ವನಿಸಹಾಯಕವು ಓದಿ ಹೇಳುತ್ತಿದ್ದುದು. ರಾಜ್ಯದಾದ್ಯಂತ ಕೋಪ ಭುಗಿಲೆದ್ದಿತು. ಅಂದು ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿಯವರು ಕ್ಷಮೆಯಾಚನೆಗೆ ಒತ್ತಾಯಿಸಿ ಕಾನೂನಿನ ಕ್ರಮದ ಎಚ್ಚರಿಕೆ ನೀಡಿದರು. ಆಗ ಚನ್ನಪಟ್ಟಣದ ಶಾಸಕರಾಗಿದ್ದ ಎಚ್.ಡಿ. ಕುಮಾರಸ್ವಾಮಿಯವರೂ ಪ್ರತಿಭಟಿಸಿದರು. ಗೂಗಲ್ ಆ ಉತ್ತರವನ್ನು ತೆಗೆದು, ಹುಡುಕಾಟವು ಯಾವಾಗಲೂ ಪರಿಪೂರ್ಣವಾಗಿರುವುದಿಲ್ಲ, ಇದು ತನ್ನ ಅಭಿಪ್ರಾಯವಲ್ಲ ಎಂಬ ಅರ್ಥದ ಹೇಳಿಕೆಯೊಡನೆ ಕ್ಷಮೆ ಕೋರಿತು.

ತೀರ್ಥಂಕರರ ದಿವ್ಯಧ್ವನಿಯು ಹದಿನೆಂಟು ಮಹಾಭಾಷೆಗಳಲ್ಲಿಯೂ ಏಳುನೂರು ಕಿರುಭಾಷೆಗಳಲ್ಲಿಯೂ ಪರಿಣಮಿಸಿ, ಸಮವಸರಣದಲ್ಲಿ ನೆರೆದ ತಿರ್ಯಂಚರಿಗೂ ಅವರವರ ಭಾಷೆಯಲ್ಲಿ ತಿಳಿಯಿತೆಂದು ನಂಬುವ ಸಮಾಜಕ್ಕೆ, ಭಾಷೆಗಳಲ್ಲಿ ಕುರೂಪವಾದುದು ಯಾವುದೆಂಬ ಪ್ರಶ್ನೆಯೇ ಅರ್ಥಹೀನ. 941ರಲ್ಲಿ ಪಂಪನು ಆದಿತೀರ್ಥಂಕರನ ಚರಿತೆಯನ್ನು ಬರೆದ ಭಾಷೆಯೇ ಇಂಥ ಮಾತಿಗೆ ಗುರಿಯಾದಾಗ ನೋವಾದುದು ಸಹಜವೇ. ಆದರೂ ದೋಷವನ್ನು ಹಂಚುವಾಗ ಕೋಪ ಸಾಲದು. ಕೃತ, ಕಾರಿತ, ಅನುಮೋದನ ಎಂಬ ನಮ್ಮ ಹಳೆಯ ಅಳತೆಗೋಲನ್ನು ಹಿಡಿದು ನೋಡಬೇಕು. ಆ ಮಾತನ್ನು ಮೊದಲು ಬರೆದ ಅನಾಮಿಕನದು ಕೃತ. ಯಾವ ಪುಟವನ್ನೂ ತೂಗಿ ನೋಡದೆ ಒಂದನ್ನು ಎತ್ತಿ ‘ಇದೇ ಉತ್ತರ’ವೆಂದು ನಿಲ್ಲಿಸುವಂತೆ ಯಂತ್ರವನ್ನು ಅಣಿಗೊಳಿಸಿದವರದು ಕಾರಿತ. ಅಂತಹ ಪ್ರಶ್ನೆಯನ್ನು ಬೇಕೆಂದೇ ಹಾಕಿದವರದೂ, ಉತ್ತರದ ಚಿತ್ರವನ್ನು ಬಯ್ಯುತ್ತಲೇ ಸಾವಿರಾರು ಜನರಿಗೆ ಹಂಚಿದವರದೂ ಅನುಮೋದನಕ್ಕೆ ಹತ್ತಿರವಾದ ಏನೋ ಒಂದು. ಕೋಪದಿಂದ ಹರಡಿದರೂ ಹರಡಿದ್ದು ಹರಡಿದ್ದೇ ತಾನೆ? ಇದನ್ನು ಹೇಳುವುದು ಕನ್ನಡಾಭಿಮಾನಿಗಳಿಗೆ ರುಚಿಸದಿರಬಹುದು. ಆದರೆ ಆ ಕೋಪವಿಲ್ಲದಿದ್ದರೆ ತಪ್ಪು ತಿದ್ದಲ್ಪಡುತ್ತಿರಲಿಲ್ಲವೆಂಬುದೂ ನಿಜವಾದುದರಿಂದ, ಇಲ್ಲಿ ಒಂದೇ ನಯವನ್ನು ಹಿಡಿದು ತೀರ್ಪು ಹೇಳುವುದು ಏಕಾಂತವಾದವಾದೀತು.

‘ಪರಿಪೂರ್ಣವಾಗಿಲ್ಲ’ ಎಂಬ ಸಮಾಧಾನವನ್ನು ಅಷ್ಟಕ್ಕೇ ತಳ್ಳಿಹಾಕುವಂತಿಲ್ಲ. ಕೇವಲಜ್ಞಾನಿಯ ಹೊರತು ಉಳಿದವರೆಲ್ಲರೂ ಛದ್ಮಸ್ಥರೇ. ಗಣಧರರಂಥವರೂ ಕೇವಲಜ್ಞಾನ ಪಡೆಯುವವರೆಗೆ ಛದ್ಮಸ್ಥರಾಗಿದ್ದವರೇ. ಹೀಗಿರುವಾಗ ಮನುಷ್ಯನು ಮಾಡಿದ ಯಂತ್ರ ಅಪೂರ್ಣವಾಗಿದೆಯೆಂದು ದೂರುವುದರಲ್ಲಿ ಅರ್ಥವಿಲ್ಲ. ಅಪೂರ್ಣತೆ ದೋಷವಲ್ಲ. ಆದರೆ ಛದ್ಮಸ್ಥನಿಗೆ ಒಂದು ಮರ್ಯಾದೆಯುಂಟು: ಅವನು ಆಡುವ ಮಾತಿನಲ್ಲಿಯೇ ‘ಸ್ಯಾತ್’ ಇರಬೇಕು, ‘ಒಂದು ದೃಷ್ಟಿಯಿಂದ ಹೀಗಿದೆ’ ಎಂಬ ಎಚ್ಚರ ವಾಕ್ಯದೊಳಗೇ ಕೂಡಿರಬೇಕು. ‘ಬೀಟಾ’ ಎಂಬುದೂ ಒಂದು ಬಗೆಯ ಸ್ಯಾತ್ಕಾರವೇ. ಆದರೆ ಅದು ಪೆಟ್ಟಿಗೆಯ ಮೇಲೆ ಇದ್ದಿತೇ ಹೊರತು ಮಾತಿನಲ್ಲಿರಲಿಲ್ಲ. ಪರದೆಯ ಅಂಚಿನ ಸಣ್ಣಕ್ಷರವನ್ನು ಧ್ವನಿ ಉಚ್ಚರಿಸುವುದಿಲ್ಲ. ಓದು ಬಾರದವನಿಗೆ ಅದು ಇಲ್ಲದುದಕ್ಕೆ ಸಮಾನ. ಬರೆದ ಪುಟದಲ್ಲಿ ಹತ್ತು ಉತ್ತರಗಳನ್ನು ಸಾಲಾಗಿ ತೋರಿಸಿ ಆರಿಸಿಕೊಳ್ಳೆನ್ನಬಹುದು, ಕಿವಿಗೆ ಹೇಳುವಾಗ ಒಂದನ್ನೇ ಹೇಳಬೇಕಾಗುತ್ತದೆ. ಎಲ್ಲಿ ಅನೇಕಾಂತವು ಹೆಚ್ಚು ಬೇಕಾಗಿತ್ತೋ ಅಲ್ಲಿಯೇ ಅದಕ್ಕೆ ಸ್ಥಳ ಕಡಿಮೆಯಾಯಿತು.

ವ್ಯಾಪಾರಿಗಳಾದ ನಮ್ಮ ಶ್ರಾವಕರಿಗೆ ಇದನ್ನು ತಕ್ಕಡಿಯ ದೃಷ್ಟಾಂತದಿಂದ ಹೇಳಿದರೆ ಬೇಗ ತಿಳಿದೀತು. ಕೊಡುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು ತೂಗುವುದನ್ನು ಅಚೌರ್ಯವ್ರತದ ಅತಿಚಾರಗಳಲ್ಲಿ ಹೇಳಿದೆ. ಮಾಗಡಿಯ ಸಂತೆಯಲ್ಲಿ ಒಬ್ಬ ವರ್ತಕನು, ಇನ್ನೂ ಮುದ್ರೆ ಬೀಳದ ತಕ್ಕಡಿಯಲ್ಲಿ ರಾಗಿ ತೂಗುತ್ತ, ‘ಈ ತಕ್ಕಡಿ ಪರೀಕ್ಷೆಯಲ್ಲಿದೆ’ ಎಂಬ ಚೀಟಿಯನ್ನು ತಟ್ಟೆಯ ಅಡಿಯಲ್ಲಿ ಅಂಟಿಸಿದ್ದಾನೆನ್ನೋಣ. ತೂಕ ತಪ್ಪಿದಾಗ ಚೀಟಿಯನ್ನು ತಿರುಗಿಸಿ ತೋರಿಸಿದರೆ ಗಿರಾಕಿಯು ಒಪ್ಪುವನೆ? ಅಸತ್ಯಕ್ಕೆ ಮೂಲ ಪ್ರಮಾದವೆಂದು, ಎಂದರೆ ಎಚ್ಚರಗೇಡಿತನವೆಂದು ಆಚಾರ್ಯರು ಹೇಳಿದ್ದಾರೆ. ಯಂತ್ರಕ್ಕೆ ಪ್ರಮಾದವಿಲ್ಲ, ಅದನ್ನು ಅಂಗಡಿಗೆ ತಂದವನಿಗೆ ಉಂಟು. ತೂಕದ ದೋಷ ತಿಳಿದಿದ್ದೂ ತೂಗುವುದು ಪ್ರಮಾದವಲ್ಲದೆ ಬೇರಲ್ಲ.

ಇತ್ತೀಚಿನ ಒಂದು ಪ್ರಸಂಗ ಇದಕ್ಕೆ ಪ್ರತಿಯಾಗಿ ನಿಲ್ಲುತ್ತದೆ. 2024ರ ಜೂನ್‌ನಲ್ಲಿ ಆಪಲ್ ಸಂಸ್ಥೆಯು ಬಳಕೆದಾರನ ವೈಯಕ್ತಿಕ ಸಂದರ್ಭವನ್ನು ಅರಿತು ಕೆಲಸಮಾಡುವ ಹೊಸ ಸಿರಿಯನ್ನು ಘೋಷಿಸಿ, ಅನಂತರ ಜಾಹೀರಾತನ್ನೂ ಪ್ರಸಾರ ಮಾಡಿತು. 2025ರ ಮಾರ್ಚ್‌ನಲ್ಲಿ ಅದು ಸಿದ್ಧವಾಗಲು ಇನ್ನೂ ಕಾಲ ಬೇಕೆಂದು ಹೇಳಿ ಮುಂದೂಡಿತು, ಜಾಹೀರಾತನ್ನು ಹಿಂತೆಗೆಯಿತು. ಜನ ಸಿಟ್ಟಾದರು, ಮತ್ತೆ ದಾವೆಗಳು ಹೂಡಲ್ಪಟ್ಟವು. ಮುಂದೂಡಿದ್ದಕ್ಕಾಗಿ ಬೈದವರು ನ್ಯಾಯವಾದ ಸ್ಥಳದಲ್ಲಿ ಬೈಯಲಿಲ್ಲವೆಂದೇ ಹೇಳಬೇಕು. ಮುಗಿಯದ ತಕ್ಕಡಿಯನ್ನು ಅಂಗಡಿಯೊಳಗೆ ಹಿಂದಕ್ಕೆ ಎತ್ತಿಡುವುದು ಸತ್ಯದ ಕಡೆಗೆ ಇಟ್ಟ ಹೆಜ್ಜೆ. ದೋಷವಿದ್ದುದು ಅದಕ್ಕೂ ಮೊದಲು, ಇಲ್ಲದುದನ್ನು ಇದೆಯೆಂಬಂತೆ ತೋರಿಸಿದ ಆ ಜಾಹೀರಾತಿನಲ್ಲಿ.

ಇಷ್ಟರಲ್ಲಿ ವಿಷಯ ಮುಗಿಯುವುದಿಲ್ಲ. ಮಾತು ವಸ್ತುಸ್ಥಿತಿಗೆ ಸರಿಯಾಗಿದ್ದರೂ ಹಿಂಸೆಗೆ ಕಾರಣವಾದರೆ ಅದನ್ನು ಸತ್ಯವ್ರತವು ಒಪ್ಪುವುದಿಲ್ಲ. ಸಿರಿಯ ಮೊದಲ ವರ್ಷಗಳಲ್ಲಿ, ಸೇತುವೆಯಿಂದ ಹಾರಬೇಕೆನಿಸುತ್ತಿದೆಯೆಂದು ಯಾರಾದರೂ ಹೇಳಿದರೆ, ಅದು ಹತ್ತಿರದ ಸೇತುವೆಗಳನ್ನು ಹುಡುಕಿಕೊಡುತ್ತಿತ್ತು. ಆ ಸೇತುವೆಗಳು ಅಲ್ಲಿ ಇದ್ದುದು ನಿಜ. ಆದರೂ ಅದಕ್ಕಿಂತ ಭಯಂಕರವಾದ ಮಾತು ಇರಲಾರದು. 2013ರ ಜೂನ್‌ನಲ್ಲಿ ಇದನ್ನು ಬದಲಿಸಿ, ಆತ್ಮಹತ್ಯೆಯನ್ನು ತಡೆಯುವ ಸಹಾಯವಾಣಿಗೆ ಕರೆಮಾಡಿಕೊಡುವ ವ್ಯವಸ್ಥೆಯಾಯಿತು. 2016ರ ಮಾರ್ಚ್‌ನಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಸ್ಟ್ಯಾನ್‌ಫೋರ್ಡ್ ಮತ್ತು ಸ್ಯಾನ್‌ಫ್ರಾನ್ಸಿಸ್ಕೊದ ಸಂಶೋಧಕರ ಪರಿಶೀಲನೆ ಪ್ರಕಟವಾಯಿತು. ತಾನು ಅತ್ಯಾಚಾರಕ್ಕೊಳಗಾದೆನೆಂದು ಹೇಳಿಕೊಂಡಾಗ, ನಾಲ್ಕು ಪ್ರಸಿದ್ಧ ಸಹಾಯಕಗಳಲ್ಲಿ ಒಂದು ಮಾತ್ರ ನೆರವಿನ ಸಂಖ್ಯೆಯನ್ನು ಸೂಚಿಸಿತು. ಸಿರಿಯನ್ನೂ ಸೇರಿಸಿ ಉಳಿದ ಮೂರಕ್ಕೆ ಆ ಮಾತೇ ತಿಳಿಯಲಿಲ್ಲ. ಪ್ರಕಟಣೆಯಾದ ಕೆಲವೇ ದಿನಗಳಲ್ಲಿ ಆಪಲ್ ತಿದ್ದಿಕೊಂಡಿತು. ತಿದ್ದಿಕೊಂಡುದು ಶ್ಲಾಘ್ಯ. ಆದರೆ ಅದುವರೆಗಿನ ನಾಲ್ಕೂವರೆ ವರ್ಷಗಳಲ್ಲಿ, ಮನುಷ್ಯರಿಗೆ ಹೇಳಲಾಗದುದನ್ನು ನಡುರಾತ್ರಿಯಲ್ಲಿ ಯಂತ್ರಕ್ಕೆ ಹೇಳಿಕೊಂಡು, ‘ನಿಮ್ಮ ಮಾತು ತಿಳಿಯಲಿಲ್ಲ’ ಎನಿಸಿಕೊಂಡವರು ಯಾರು ಯಾರೋ! ಕೆತ್ತನೆ ಮುಗಿಯದ ವಿಗ್ರಹದ ಮುಂದೆ ಅವರು ನಿಜವಾದ ಕಣ್ಣೀರು ಸುರಿಸಿದ್ದರು.

ಅಪೂರ್ಣವಾದುದನ್ನು ಪೂರ್ಣಗೊಳಿಸಲು ಜನರ ಮಾತೇ ಬೇಕು. ಸಾವಿರಾರು ಕಂಠಗಳನ್ನು ಕೇಳಿಸಿದಲ್ಲದೆ ಯಂತ್ರ ಕಲಿಯುವುದಿಲ್ಲ. ಈ ಕಲಿಕೆಯಲ್ಲಿ ಎರಡು ದಾರಿಗಳನ್ನು ಕಾಣುತ್ತೇವೆ. 2019ರ ಜುಲೈನಲ್ಲಿ, ಸಿರಿಯ ಉತ್ತರಗಳನ್ನು ಪರೀಕ್ಷಿಸಲು ಗುತ್ತಿಗೆಯ ನೌಕರರು ಜನರ ಧ್ವನಿಮುದ್ರಣಗಳನ್ನು ಕೇಳುತ್ತಿದ್ದರೆಂದೂ, ಕರೆಯದೆ ಎಚ್ಚೆತ್ತ ಯಂತ್ರವು ಹಿಡಿದ ಖಾಸಗಿ ಸಂಭಾಷಣೆಗಳೂ ಅವುಗಳಲ್ಲಿದ್ದುವೆಂದೂ ಇಂಗ್ಲೆಂಡಿನ ಗಾರ್ಡಿಯನ್ ಪತ್ರಿಕೆ ವರದಿ ಮಾಡಿತು. ಆಪಲ್ ಆ ಕಾರ್ಯವನ್ನು ನಿಲ್ಲಿಸಿ, ಆಗಸ್ಟ್‌ನಲ್ಲಿ ಕ್ಷಮೆ ಕೋರಿ, ಮುಂದೆ ಬಳಕೆದಾರರು ಒಪ್ಪಿದರೆ ಮಾತ್ರ ಹಾಗೆ ಮಾಡುವುದಾಗಿ ಹೇಳಿತು. ಅನುಮತಿಯಿಲ್ಲದೆ ಸಂಭಾಷಣೆಗಳನ್ನು ಮುದ್ರಿಸಿಕೊಂಡುದರ ಬಗೆಗಿನ ಅಮೆರಿಕದ ದಾವೆಯೊಂದನ್ನು, ತಪ್ಪನ್ನು ಒಪ್ಪಿಕೊಳ್ಳದೆಯೇ, 9.5 ಕೋಟಿ ಡಾಲರ್ ಕೊಟ್ಟು ಮುಗಿಸಲು 2025ರ ಆರಂಭದಲ್ಲಿ ಸಮ್ಮತಿಸಿತು. ಏಕಾಂತದ ಮಾತನ್ನು ಹೊರಗೆಡಹುವ ರಹೋಭ್ಯಾಖ್ಯಾನವನ್ನು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಎಣಿಸಿದ ಆಚಾರ್ಯರು ಗೋಡೆಗೆ ಕಿವಿಯಿಡುವ ಮನುಷ್ಯನನ್ನು ನೆನೆದು ಬರೆದಿದ್ದರು. ಗೋಡೆಯೇ ಕಿವಿಯಾದ ಕಾಲಕ್ಕೂ ಅದು ಸಲ್ಲುತ್ತದೆ. ಕೊಡದೆ ತೆಗೆದುಕೊಂಡುದಾದುದರಿಂದ ಇದು ಅದತ್ತಾದಾನವೂ ಹೌದು.

ಇನ್ನೊಂದು ದಾರಿಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಗೂಗಲ್‌ನೊಡಗೂಡಿ 2022ರಲ್ಲಿ ಪ್ರಕಟಿಸಿದ ‘ವಾಣಿ’ ಯೋಜನೆಯಲ್ಲಿ ದೇಶದ ಜಿಲ್ಲೆ ಜಿಲ್ಲೆಗಳ ಜನರ ಮಾತನ್ನು ಸಂಗ್ರಹಿಸಲಾಗುತ್ತಿದೆ. ಬೆಂಗಳೂರಿನದೇ ಆದ ‘ಕಾರ್ಯಾ’ ಎಂಬ ಸಂಸ್ಥೆಯು ಕರ್ನಾಟಕದ ಹಳ್ಳಿಗಳಲ್ಲಿ ಜನರಿಂದ ಕನ್ನಡದ ವಾಕ್ಯಗಳನ್ನು ಓದಿಸಿ, ಧ್ವನಿಮುದ್ರಿಸಿ, ಅದಕ್ಕೆ ಸಂಭಾವನೆ ಕೊಡುತ್ತದೆ. ಇಲ್ಲಿ ಮಾತನಾಡುವವನಿಗೆ ತಾನು ಏನನ್ನು ಕೊಡುತ್ತಿದ್ದೇನೆಂಬುದು ತಿಳಿದಿದೆ. ಮಂಡ್ಯದ ಉಚ್ಚಾರ, ಧಾರವಾಡದ ಉಚ್ಚಾರ, ಮಾಗಡಿಯ ಸೀಮೆಯ ಒಕ್ಕಲಿಗನ ಮಾತು ಯಂತ್ರಕ್ಕೆ ತಿಳಿಯಬೇಕಾದರೆ ಇಂಥ ದತ್ತವಾದ ಧ್ವನಿಗಳಿಂದಲೇ ತಿಳಿಯಬೇಕು. ಇದರಲ್ಲಿ ವೇಗ ಕಡಿಮೆ, ಖರ್ಚು ಹೆಚ್ಚು. ಬೇರೆ ಆಕ್ಷೇಪ ಕಾಣುವುದಿಲ್ಲ.

ಅಕ್ಷರ ಬಾರದ ವೃದ್ಧೆಯೊಬ್ಬಳು ಮೊಮ್ಮಗನಿಲ್ಲದ ಹೊತ್ತಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಊಟಕ್ಕೆ ಮುಂಚೆ ನುಂಗಬೇಕೊ ಅನಂತರವೊ ಎಂದು ಮೊಬೈಲನ್ನು ಕೇಳುತ್ತಾಳೆಂದುಕೊಳ್ಳೋಣ. ‘ನಮ್ಮ ಕನ್ನಡದಲ್ಲೇ ಮಾತನಾಡುತ್ತದಲ್ಲಾ, ಅದೇ ಸಾಕು’ ಎಂದು ಅವಳಿಗೆ ಸಂತೋಷ. ನಗುವವರಿಗೂ ಕೋಪಿಸುವವರಿಗೂ ಯಂತ್ರದ ಅಪೂರ್ಣತೆ ಗೊತ್ತಿದೆ, ಅವರು ತಮ್ಮನ್ನು ತಾವು ಕಾಪಾಡಿಕೊಳ್ಳಬಲ್ಲರು. ಇವಳಿಗೆ ಗೊತ್ತಿಲ್ಲ. ಯಾವ ಮಾತ್ರೆಯೆಂದು ತಿರುಗಿ ಕೇಳದೆ, ವೈದ್ಯರನ್ನು ಕೇಳೆನ್ನದೆ, ಅದು ಒಂದು ಉತ್ತರವನ್ನು ಕೊಟ್ಟುಬಿಟ್ಟರೆ ಅವಳು ಅದರಂತೆಯೇ ನಡೆಯುತ್ತಾಳೆ. ಇಂತಹ ವಾಣಿಯನ್ನು ರೂಪಿಸುವ ಕಚೇರಿಯಲ್ಲಿ ಕುಳಿತ ಶ್ರಾವಕನ ಮಗ, ಬಿಡುಗಡೆಯ ದಿನಾಂಕ ಹತ್ತಿರವಾದಾಗ ಇವಳನ್ನು ನೆನೆಯಬೇಕು. ಮೇಲಿನವರ ಅಪ್ಪಣೆಯೆಂಬುದು ಕಾರಿತದ ಭಾರವನ್ನು ಮೇಲಿನವರಿಗೆ ಹೊರಿಸೀತು. ಕೃತದ ಭಾರವನ್ನು ಇಳಿಸಲಾರದು. ‘ನನಗೆ ತಿಳಿಯದು’ ಎಂದು ಯಂತ್ರದ ಬಾಯಲ್ಲಿ ಹೇಳಿಸುವುದಕ್ಕೆ ಒಂದು ವಾರ ಹೆಚ್ಚು ಕೆಲಸ ಬೇಕಾದರೆ, ಆ ಒಂದು ವಾರವನ್ನು ಅವನು ಕೇಳಿ ಪಡೆಯಬೇಕು. ಕೊಡದಿದ್ದರೆ ತನ್ನ ಅಸಮ್ಮತಿಯನ್ನು ಬರೆದಿಡಬೇಕು.

ಸಾವನದುರ್ಗದ ಹೆಸರನ್ನು ಕೇಳಿದವನಿಗೆ ಯಂತ್ರವು ಶಾಸನದ ‘ಸಾವಂದಿ’ಯನ್ನೂ, ಸಾಮಂತರಾಯನ ಕಥೆಯನ್ನೂ, ಆಂಗ್ಲರ ಅರ್ಥವನ್ನೂ ಹೇಳಿ, ಇವುಗಳಲ್ಲಿ ಯಾವುದು ಸರಿಯೆಂದು ನಿಶ್ಚಯವಿಲ್ಲವೆಂದರೆ ಸಾಕಾಗಿತ್ತು. ಇಷ್ಟನ್ನು ಹೇಳಲು ಕೇವಲಜ್ಞಾನ ಬೇಕಿಲ್ಲ. ಬೆಟ್ಟದ ಬುಡದಲ್ಲಿ ಎಳನೀರು ಮಾರುವವನನ್ನು ಸಂಜೆಯ ಹೊತ್ತಿನಲ್ಲಿ ಬಿಳಿಗುಡ್ಡಕ್ಕೆ ದಾರಿ ಯಾವುದೆಂದು ಕೇಳಿದರೆ, ಅವನು ಕತ್ತಿಯನ್ನು ಕೆಳಗಿಟ್ಟು, ಒಮ್ಮೆ ಬಂಡೆಯ ಕಡೆಗೆ ನೋಡಿ, ‘ಆ ಕಡೆ ನಾನು ಹತ್ತಿಲ್ಲ ಸ್ವಾಮಿ, ಹತ್ತಿದೋರು ದೇವಸ್ಥಾನದ ತಾವ ಇರ್ತಾರೆ, ಅವರನ್ನ ಕೇಳಿ’ ಎನ್ನುವುದುಂಟು.